ಅರ್ಧಾಂಗಿಯ ಅರ್ಧ ಯಾರ ಲೆಕ್ಕದಲ್ಲಿ?

ಮದುವೆ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ಕಾದಂಬರಿಗಳನ್ನು ಓದುತ್ತೇವೆ. ಒಮ್ಮೆ ತೆರಿಗೆ ಫಾರ್ಮನ್ನೂ ಓದಬೇಕು. ಅಮೆರಿಕದ ಆದಾಯ ತೆರಿಗೆ ಫಾರ್ಮು ಹೆಸರು, ವಿಳಾಸಗಳ ಜೊತೆಗೇ ‘ಫೈಲಿಂಗ್ ಸ್ಟೇಟಸ್’ ಕೇಳುತ್ತದೆ. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸುತ್ತೀರಾ, ಬೇರೆ ಬೇರೆಯಾಗಿಯಾ? ಡಿಸೆಂಬರ್ 31ರಂದು ಮದುವೆಯಾಗಿದ್ದರೂ ಸಾಕು, ಇಡೀ ವರ್ಷ ದಂಪತಿಯೆಂದೇ ಲೆಕ್ಕ.

ನಮಗ್ಯಾಕೆ ಆ ದೇಶದ ಫಾರ್ಮು ಎನ್ನಬೇಡಿ. ಭಾರತದಲ್ಲೂ ದಂಪತಿಗೆ ಜಂಟಿ ರಿಟರ್ನಿನ ಆಯ್ಕೆ ಬೇಕೆಂದು ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ 2025ರ ಬಜೆಟ್‌ಗೆ ಮುನ್ನ ಸಲಹೆ ಕೊಟ್ಟಿತ್ತು. ಒಬ್ಬರೇ ದುಡಿಯುವ ಮಧ್ಯಮ ವರ್ಗದ ಮನೆಗೆ ಇದು ವರವೆಂದು ಚಪ್ಪಾಳೆಯೂ ಬಿತ್ತು. ಈ ವರವನ್ನು ಮುಕ್ಕಾಲು ಶತಮಾನ ಅನುಭವಿಸಿದ ದೇಶದಲ್ಲಿ ಅದು ಯಾರ ಕೈಗೆ ಏನು ಕೊಟ್ಟಿತು ಎಂದು ನೋಡಿಯೇ ನಾವು ಮಾತಾಡಬೇಕು.

ಕಥೆ 1930ರಲ್ಲಿ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದ ಅರ್ಲ್ ಎಂಬ ವಕೀಲ, ತಾನು ಗಳಿಸಿದ್ದರಲ್ಲಿ ಅರ್ಧ ಹೆಂಡತಿಯದೆಂದು ಆಕೆಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದ. ಹಾಗಾಗಿ ಅರ್ಧಕ್ಕಷ್ಟೇ ತನ್ನ ತೆರಿಗೆ ಎಂದು ವಾದಿಸಿದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದುಡಿದವನೇ ತೆರಿಗೆ ಕಟ್ಟಬೇಕು ಎಂದಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಸೀಬಾರ್ನ್ ದಂಪತಿಯ ಮೊಕದ್ದಮೆಯಲ್ಲಿ ಅದೇ ಕೋರ್ಟು ಅರ್ಧರ್ಧ ಹಂಚಿಕೆಯನ್ನು ಒಪ್ಪಿತು. ಅಲ್ಲಿನ ಕಾನೂನಿನ ಪ್ರಕಾರ ಮದುವೆಯ ನಂತರದ ಗಳಿಕೆಯಲ್ಲಿ ಅರ್ಧ ಹುಟ್ಟಿನಿಂದಲೇ ಹೆಂಡತಿಯ ಸ್ವತ್ತು.

ಅಂದರೆ ತೆರಿಗೆ ಉಳಿಸಬೇಕಾದರೆ ಹೆಂಡತಿಗೆ ನಿಜವಾಗಿಯೂ ಆಸ್ತಿಯ ಹಕ್ಕು ಕೊಡಬೇಕು. ಎರಡನೇ ಮಹಾಯುದ್ಧದ ಕಾಲಕ್ಕೆ ತೆರಿಗೆ ದರ ಏರಿದಾಗ ಒರೆಗಾನ್, ಮಿಶಿಗನ್, ನೆಬ್ರಾಸ್ಕಾದಂಥ ರಾಜ್ಯಗಳು ಇದೇ ಆಸೆಗೆ ತಮ್ಮ ಆಸ್ತಿ ಕಾನೂನನ್ನೇ ಬದಲಿಸಿಕೊಂಡವು. ಹೆಂಡತಿಗೆ ಅರ್ಧ ಬರೆದುಕೊಡುವ ಕಾಲ ಬಂತು ಎನ್ನುವಷ್ಟರಲ್ಲಿ, 1948ರಲ್ಲಿ ಅಮೆರಿಕದ ಸಂಸತ್ತು ಎಲ್ಲ ದಂಪತಿಗೂ ಜಂಟಿ ರಿಟರ್ನಿನಲ್ಲಿ ಆದಾಯ ಹಂಚಿ ತೋರಿಸುವ ಸೌಲಭ್ಯ ಕೊಟ್ಟಿತು. ಆಸ್ತಿ ಹಂಚಬೇಕಿಲ್ಲ, ಕಾಗದದ ಮೇಲೆ ಹಂಚಿದರೆ ಸಾಕು. ಆಮೇಲೆ ಆ ರಾಜ್ಯಗಳು ಏನು ಮಾಡಿದವು? ಹೊಸ ಆಸ್ತಿ ಕಾನೂನನ್ನು ಒಂದೆರಡು ವರ್ಷದಲ್ಲೇ ರದ್ದುಮಾಡಿದವು. ಹೆಂಡತಿಗೆ ಏನೂ ಕೊಡದೆಯೇ ರಿಯಾಯಿತಿ ಸಿಗುವಾಗ ಕೊಡುವುದೇಕೆ! ಜಂಟಿ ರಿಟರ್ನ್ ದಾಂಪತ್ಯದ ಸಮಾನತೆಯ ಗುರುತು ಎನ್ನುವವರು ಈ ರದ್ದತಿಗೆ ಉತ್ತರ ಹೇಳಲಿ.

ಈಗ ಲೆಕ್ಕ ಹಾಕೋಣ. 2024ರ ದರಗಳನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿರುವ ನಮ್ಮ ಕಡೆಯ ಒಬ್ಬ ಎಂಜಿನಿಯರನ ಸಂಬಳ 1,20,000 ಡಾಲರ್, ಹೆಂಡತಿಗೆ ಕೆಲಸವಿಲ್ಲ ಎಂದುಕೊಳ್ಳಿ. ಜಂಟಿಯಾಗಿ ಸಲ್ಲಿಸಿದರೆ ಫೆಡರಲ್ ತೆರಿಗೆ ಸುಮಾರು 10,400 ಡಾಲರ್. ಅವನೊಬ್ಬನೇ ಬೇರೆಯಾಗಿ ಸಲ್ಲಿಸಿದರೆ ಸುಮಾರು 18,300. ಹೆಂಡತಿಯ ಹೆಸರಿನಿಂದ ಉಳಿದದ್ದು 7,900 ಡಾಲರ್. ಆ ಹಣ ಅವಳ ಖಾತೆಗೆ ಬರಬೇಕೆಂಬ ನಿಯಮ ಎಲ್ಲೂ ಇಲ್ಲ.

ಮುಂದಿನ ವರ್ಷ ಅವಳಿಗೆ 40,000 ಡಾಲರಿನ ಕೆಲಸ ಸಿಕ್ಕಿತು, ದರಗಳು ಅವೇ ಇವೆ ಎಂದುಕೊಳ್ಳೋಣ. ಮದುವೆಯಾಗದೆ ಒಬ್ಬಳೇ ಇದ್ದಿದ್ದರೆ ಅದಕ್ಕೆ ಅವಳ ತೆರಿಗೆ ಸುಮಾರು 2,800. ಜಂಟಿ ರಿಟರ್ನಿನಲ್ಲಿ ಅವಳ ಸಂಬಳದಿಂದ ಏರುವ ತೆರಿಗೆ 8,450, ಅಂದರೆ ಮೂರು ಪಟ್ಟು. ಕಾರಣ ಸರಳ. ಕಡಿಮೆ ದರದ ಮೆಟ್ಟಿಲುಗಳನ್ನೆಲ್ಲ ಗಂಡನ ಸಂಬಳ ಆಗಲೇ ಹತ್ತಿ ಮುಗಿಸಿರುತ್ತದೆ. ಅವಳ ಮೊದಲ ಡಾಲರು ಅವನ ಕೊನೆಯ ಡಾಲರಿನ ಮೇಲೆ ಕೂರುತ್ತದೆ. ಇದರ ಮೇಲೆ ಮಗುವನ್ನು ಡೇಕೇರಿಗೆ ಬಿಡುವ ಖರ್ಚು ಸೇರಿಸಿದರೆ, ‘ನೀನು ಹೋಗಿ ಗಳಿಸುವುದು ಅಷ್ಟರಲ್ಲೇ ಇದೆ, ಮನೆಯಲ್ಲೇ ಇರು’ ಎಂಬ ಮಾತು ರೆಡಿ. ಗಂಡ ಕೆಟ್ಟವನಾಗಬೇಕಿಲ್ಲ, ಕ್ಯಾಲ್ಕ್ಯುಲೇಟರೇ ಆ ಮಾತು ಹೇಳುತ್ತದೆ. ಎಡ್ವರ್ಡ್ ಮೆಕ್‌ಕ್ಯಾಫ್ರಿ 1997ರ ‘ಟ್ಯಾಕ್ಸಿಂಗ್ ವಿಮೆನ್’ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ.

ಬೇರೆಯಾಗಿ ಸಲ್ಲಿಸಬಹುದಲ್ಲ, ಆಯ್ಕೆ ಇದೆಯಲ್ಲ ಎನ್ನುತ್ತೀರಿ. ಮದುವೆಯಾದವರು ಬೇರೆಯಾಗಿ ಸಲ್ಲಿಸಿದರೆ ‘ಸಿಂಗಲ್’ ಆಗುವುದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಕಡಿತ ಹೋಗುತ್ತದೆ, ಕಾಲೇಜು ಫೀಸಿನ ತೆರಿಗೆ ಕ್ರೆಡಿಟ್ ಹೋಗುತ್ತದೆ. ಒಂದು ಬಾಗಿಲಿಗೆ ತೋರಣ, ಇನ್ನೊಂದಕ್ಕೆ ಮುಳ್ಳು. ಬೇರೆ ರಿಟರ್ನನ್ನು ಮೂರು ವರ್ಷದೊಳಗೆ ಜಂಟಿಯಾಗಿ ಬದಲಿಸಬಹುದು. ಜಂಟಿಯನ್ನು ಗಡುವು ದಾಟಿದ ಮೇಲೆ ಬೇರೆ ಮಾಡುವಂತಿಲ್ಲ.

ಅದಕ್ಕಿಂತ ದೊಡ್ಡದು ಸಹಿ. ಜಂಟಿ ರಿಟರ್ನಿಗೆ ಸಹಿ ಹಾಕಿದವರಲ್ಲಿ ಪ್ರತಿಯೊಬ್ಬರೂ ಪೂರ್ತಿ ತೆರಿಗೆಗೆ ಹೊಣೆ. ಗಂಡ ಆದಾಯ ಮುಚ್ಚಿಟ್ಟರೆ ಬಾಕಿ, ಬಡ್ಡಿ, ದಂಡ ಎಲ್ಲವನ್ನೂ ಹೆಂಡತಿಯಿಂದಲೇ ವಸೂಲಿ ಮಾಡಬಹುದು, ವಿಚ್ಛೇದನವಾದ ಮೇಲೂ. ‘ಬಾಕಿ ಗಂಡನೇ ಕಟ್ಟಬೇಕು’ ಎಂದು ವಿಚ್ಛೇದನದ ಆದೇಶದಲ್ಲಿ ಬರೆದಿದ್ದರೂ ತೆರಿಗೆ ಇಲಾಖೆಯನ್ನು ಅದು ಕಟ್ಟಿಹಾಕುವುದಿಲ್ಲ. ನಿರಪರಾಧಿ ಸಂಗಾತಿಗೆ ವಿನಾಯಿತಿ ಇದೆ ನಿಜ, ಆದರೆ ತನಗೆ ಗೊತ್ತಿರಲಿಲ್ಲವೆಂದು ಅವಳೇ ಅರ್ಜಿ ಹಾಕಿ ಸಾಬೀತು ಮಾಡಬೇಕು. ಎಚ್-4 ವೀಸಾದಲ್ಲಿ ಹೋಗಿ, ಕೆಲಸ ಮಾಡುವ ಅನುಮತಿಯಿಲ್ಲದೆ, ಗಂಡ ತೋರಿಸಿದ ಜಾಗದಲ್ಲಿ ಸಹಿ ಹಾಕುವ ನಮ್ಮೂರ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಗಳಿಕೆಯಲ್ಲಿ ಅರ್ಧವೂ ಅವಳದಲ್ಲ, ಬಾಕಿಯಲ್ಲಿ ಪೂರ್ತಿ ಅವಳದು.

ಎರಡು ಮನೆಗಳ ಒಟ್ಟು ಆದಾಯ ಒಂದೇ ಇದ್ದರೆ ತೆರಿಗೆಯೂ ಒಂದೇ ಇರಬೇಕಲ್ಲವೇ ಎಂಬುದು ಜಂಟಿ ರಿಟರ್ನಿನ ಪರವಾದ ಗಟ್ಟಿ ವಾದ. ನಾನು ಒಪ್ಪುವುದಿಲ್ಲ. ಒಬ್ಬರು ಮನೆಯಲ್ಲಿದ್ದು ಅಡುಗೆ, ಮಗು, ಅತ್ತೆಮಾವಂದಿರ ಔಷಧಿ ಎಲ್ಲ ನೋಡಿಕೊಳ್ಳುವ ಮನೆಯೂ, ಇಬ್ಬರೂ ದುಡಿದು ಬಂದು ಇವನ್ನೆಲ್ಲ ಮಾಡುವ ಅಥವಾ ದುಡ್ಡು ಕೊಟ್ಟು ಮಾಡಿಸುವ ಮನೆಯೂ ಸಮಾನವಲ್ಲ. ಮೊದಲ ಮನೆಯಲ್ಲಿ ತೆರಿಗೆಯಿಲ್ಲದ ಒಂದು ದುಡಿಮೆ ಇದೆ. ಅದನ್ನು ಗೌರವಿಸಬೇಕು ಎಂದರೆ ಒಪ್ಪುತ್ತೇನೆ. ಆದರೆ ಗೌರವಧನ ಗಂಡನ ತೆರಿಗೆ ಉಳಿತಾಯವಾಗಿ ಯಾಕೆ ಬರಬೇಕು? ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯ ಮೇಲೆ ನೂರು ತಕರಾರು ಇರಬಹುದು. ಆದರೆ ಆ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬೀಳುತ್ತದೆ. ಅದನ್ನು ಬಿಟ್ಟಿ ಭಾಗ್ಯವೆಂದು ಜರಿಯುವವರೇ ಜಂಟಿ ರಿಟರ್ನನ್ನು ಗೃಹಿಣಿಗೆ ಸಂದ ಮನ್ನಣೆ ಎಂದು ಹೊಗಳುವುದನ್ನು ಕೇಳಿದ್ದೇನೆ.

ಭಾರತದ ಆದಾಯ ತೆರಿಗೆಯಲ್ಲಿ ಕೊರತೆ ಬಹಳ ಇವೆ. ಆದರೆ ಒಂದು ಮಾತು ಅದರಲ್ಲಿ ನೆಟ್ಟಗಿದೆ. ವರ್ಷಕ್ಕೆ 4 ಲಕ್ಷ ಸಂಬಳ ಪಡೆಯುವ ಶಾಲಾ ಶಿಕ್ಷಕಿಗೆ, ಗಂಡ ಎಷ್ಟೇ ಗಳಿಸಲಿ, ತೆರಿಗೆ ಸೊನ್ನೆ. ಅವಳ ಮೆಟ್ಟಿಲು ಅವಳದೇ. ಸ್ವೀಡನ್ 1971ರಲ್ಲಿ, ಬ್ರಿಟನ್ 1990ರಲ್ಲಿ ದಂಪತಿಯ ಲೆಕ್ಕ ಬಿಟ್ಟು ಈ ದಾರಿಗೆ ಬಂದವು. ನಾವು ಇಲ್ಲಿಂದ ಹಿಂದಕ್ಕೆ ಹೋಗಲು ತಯಾರಾಗುತ್ತಿದ್ದೇವೆ. ಐಚ್ಛಿಕವಾದರೇನು ತಪ್ಪು ಎನ್ನುವವರಿಗೆ: ಹೆಂಡತಿ ಮನೆಯಲ್ಲಿದ್ದಾಗ ಗಂಡನಿಗೆ ಉಳಿಯುವ ತೆರಿಗೆ, ಅವಳು ಕೆಲಸಕ್ಕೆ ಹೊರಟ ದಿನದಿಂದ ಕರಗುತ್ತದೆ. ಆ ನಷ್ಟ ಅವಳ ಸಂಬಳದ ತಲೆಗೇ ಬರುತ್ತದೆ. ಹೊಸಿಲು ದಾಟಲು ಹೆಣ್ಣಿಗೆ ಈಗಿರುವ ಅಡ್ಡಿಗಳೇ ಸಾಲದೆ?

ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಬೇಕಾದರೆ ಮದುವೆಯ ನಂತರದ ಆಸ್ತಿಯಲ್ಲಿ ಅವಳಿಗೆ ಪಾಲು ಕೊಡುವ ಕಾನೂನು ತನ್ನಿ. ಅವಳ ಹೆಸರಿನಲ್ಲಿ ಪಿಂಚಣಿ ಕಟ್ಟಿ. ಅದು ದುಬಾರಿ, ಮನೆ ಒಡೆಯುತ್ತದೆ ಎನ್ನುವವರು ಅರ್ಧಾಂಗಿ ಎಂಬ ಮಾತನ್ನೂ ಬಿಟ್ಟುಬಿಡಲಿ. ಕೊಡಲು ಮನಸ್ಸಿಲ್ಲದ ಅರ್ಧವನ್ನು ತೆರಿಗೆ ಉಳಿಸಲು ಮಾತ್ರ ನೆನೆಯುವುದು ಬೇಡ.