ಸಣ್ಣ ಪೆಟ್ಟಿಗೆ, ದೊಡ್ಡ ಪೆಟ್ಟಿಗೆ

ಲಂಡನ್ ನಗರದ ಡೆನ್ಮಾರ್ಕ್ ಬೀದಿ ಗಿಟಾರ್ ಅಂಗಡಿಗಳಿಗೆ ಬಹುಕಾಲದಿಂದ ಹೆಸರಾದದ್ದು. ಅಲ್ಲಿಯ ಒಂದು ಅಂಗಡಿಯಲ್ಲಿ ತರುಣನೊಬ್ಬ ನಿಂತಿರುವನೆಂದು ಓದುಗರು ಕಲ್ಪಿಸಿಕೊಳ್ಳಲಿ. ಅವನೆದುರಿಗೆ ಎರಡು ಪೆಟ್ಟಿಗೆಗಳಿವೆ. ಒಂದು, ಪ್ರಯಾಣದ ಕೈಪೆಟ್ಟಿಗೆಯಷ್ಟು ಸಣ್ಣದು. ಅದರ ನೆತ್ತಿಯ ಮೇಲೆ ಧ್ವನಿಯನ್ನು ಏರಿಸಿ ಇಳಿಸುವ ಒಂದೇ ಒಂದು ತಿರುಪು. ಇನ್ನೊಂದು, ಸುಮಾರು 29 ಕಿಲೋಗ್ರಾಂ ತೂಕದ ದೊಡ್ಡ ಪೆಟ್ಟಿಗೆ. ತಿರುಪುಗಳ ಒಂದು ಸಾಲೇ ಅದಕ್ಕುಂಟು. ಎರಡೂ ಗಿಟಾರಿನ ಆಂಪ್ಲಿಫೈಯರುಗಳು. ಅಮೆರಿಕದವರು ಟ್ಯೂಬ್ ಎಂದೂ ಇಂಗ್ಲೆಂಡಿನವರು ವಾಲ್ವ್ ಎಂದೂ ಕರೆಯುವ ಗಾಜಿನ ಬುರುಡೆಗಳಿಂದ ನಡೆಯುವಂಥವು. ತರುಣನ ಜೇಬಿನಲ್ಲಿರುವುದು ಹಲವು ತಿಂಗಳ ಉಳಿತಾಯ. ಅವನ ವಾಸ ತೆಳುಗೋಡೆಯ ಒಂದು ಬಾಡಿಗೆ ಕೋಣೆ. ಶನಿವಾರ ಸಂಜೆ ಮೂವರು ಗೆಳೆಯರೊಡನೆ ಒಂದು ಪಾನಗೃಹದಲ್ಲಿ ಅವನು ನುಡಿಸುವುದುಂಟು. ಆ ಮೂವರಲ್ಲೊಬ್ಬ ಡ್ರಮ್ ಬಾರಿಸುವವನು. ತರುಣನ ಕಣ್ಣು ನೆಟ್ಟಿರುವುದು ದೊಡ್ಡ ಪೆಟ್ಟಿಗೆಯ ಮೇಲೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಬೇಕೆಂಬುದು ಮನುಷ್ಯನ ಸಹಜವಾದ ಆಸೆ. ದೊಡ್ಡದರಲ್ಲಿ ಸಣ್ಣದೂ ಅಡಗಿದೆ, ಬೇಡವಾದಾಗ ತಿರುಪನ್ನು ಇಳಿಸಿಕೊಂಡರಾಯಿತು ಎಂಬುದು ಅವನ ತರ್ಕ. ಬೇರೆ ಅನೇಕ ಪದಾರ್ಥಗಳ ವಿಷಯದಲ್ಲಿ ಈ ತರ್ಕ ಸಲ್ಲುತ್ತದೆ. ಈ ಪೆಟ್ಟಿಗೆಗಳ ವಿಷಯದಲ್ಲಿ ಮಾತ್ರ ಅದು ಸಲ್ಲುವುದಿಲ್ಲ.

ವೀಣೆಯ ನಾದಕ್ಕೆ ಅದರ ಕೊಡವೇ ಆಶ್ರಯ. ತಂತಿಯ ಮಿಡಿತವನ್ನು ಆ ಪೊಳ್ಳು ಕೊಡ ಹಿಗ್ಗಿಸಿ ಹೊರಗೆಡಹುತ್ತದೆ. ಗಟ್ಟಿಮರದ ವಿದ್ಯುತ್ ಗಿಟಾರಿಗೆ ಅಂಥ ಪೊಳ್ಳಿಲ್ಲ. ಆಂಪ್ಲಿಫೈಯರಿಲ್ಲದೆ ಮೀಟಿದರೆ ಪಕ್ಕದಲ್ಲಿ ಕುಳಿತವನಿಗೂ ಅದು ಸರಿಯಾಗಿ ಕೇಳಿಸದು. ಅದರ ಕೊಡ ಇರುವುದು ಆಂಪ್ಲಿಫೈಯರಿನಲ್ಲಿಯೇ. 1939ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ವಾದಕರು ಬೆನ್ನಿ ಗುಡ್‌ಮನ್ನರ ಜಾಝ್ ಮೇಳವನ್ನು ಸೇರಿ, ಅದುವರೆಗೆ ಹೆಚ್ಚಾಗಿ ತಾಳಕ್ಕೆ ಒತ್ತಾಸೆಯಾಗಿದ್ದ ಗಿಟಾರನ್ನು ಮುಂದಿನ ಸಾಲಿಗೆ ತಂದದ್ದು ಇಂಥ ಪೆಟ್ಟಿಗೆಯ ಬಲದಿಂದಲೇ. ಆದುದರಿಂದ ಪೆಟ್ಟಿಗೆಯನ್ನು ಕೊಳ್ಳುವವನು ಒಂದು ಉಪಕರಣವನ್ನು ಕೊಳ್ಳುತ್ತಿಲ್ಲ. ವಾದ್ಯದ ಅರ್ಧವನ್ನೇ ಕೊಳ್ಳುತ್ತಿದ್ದಾನೆ.

ಇನ್ನು ವಾಲ್ವಿನ ಮಾತು. ಹಿಂದಿನ ಕಾಲದ ವಾಲ್ವ್ ರೇಡಿಯೋವನ್ನು ಕಂಡವರಿಗೆ ಅದು ಹೊಸದಲ್ಲ. ಗುಂಡಿ ತಿರುಗಿಸಿದೊಡನೆ ಆ ರೇಡಿಯೋ ಮಾತನಾಡುತ್ತಿರಲಿಲ್ಲ. ಒಳಗಿನ ಬುರುಡೆಗಳು ಕೆಂಪಗೆ ಕಾದ ಮೇಲಷ್ಟೇ ಸ್ವರ ಹೊರಡುತ್ತಿತ್ತು. ಗಾಳಿ ತೆಗೆದ ಆ ಗಾಜಿನೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಟ್ಟೆಯತ್ತ ಹರಿಯುತ್ತವೆ. ನಡುವೆ ಒಂದು ಜಾಲರಿ; ಅದನ್ನು 1906ರಲ್ಲಿ ಸೇರಿಸಿದವರು ಅಮೆರಿಕದ ಲೀ ಡಿ ಫಾರೆಸ್ಟ್. ಕೆರೆಯ ತೂಬನ್ನು ಒಂದು ಕೈ ಅಲುಗಿಸಿದರೆ ಕಾಲುವೆಯ ನೀರೆಲ್ಲ ಏರುವಂತೆ, ಇಳಿಯುವಂತೆ, ಜಾಲರಿಗೆ ತಾಕುವ ಗಿಟಾರಿನ ಕ್ಷೀಣ ಸಂಕೇತ ದೊಡ್ಡ ಪ್ರವಾಹವೊಂದನ್ನು ತನ್ನ ಇಚ್ಛೆಯಂತೆ ಆಡಿಸುತ್ತದೆ.

ಆದರೆ ಕೆರೆಯಲ್ಲಿರುವಷ್ಟೇ ನೀರು. ಸಂಕೇತ ಇನ್ನೂ ಹೆಚ್ಚನ್ನು ಕೇಳಿದಾಗ ವಾಲ್ವು ಕೊಡಲಾರದೆ ಬಾಗುತ್ತದೆ. ಟ್ರಾನ್ಸಿಸ್ಟರಿನ ಸರಳ ಮಂಡಲದಲ್ಲಿ ಆಗ ಅಲೆಯ ತುದಿ ಕತ್ತರಿಸಿದಂತೆ ತುಂಡಾಗುತ್ತದೆ. ವಾಲ್ವಿನಲ್ಲಿ ಅದು ಮೆಲ್ಲಗೆ ದುಂಡಗಾಗುತ್ತದೆ. ಹೊಸ ಮೇಲುಸ್ವರಗಳು ಹುಟ್ಟಿ ನಾದ ಮಾಗುತ್ತದೆ. ಮೀಟಿದ ಸ್ವರ ಬೇಗನೆ ಅಡಗದೆ ಕೊರಳಿನ ಸ್ವರದಂತೆ ನಿಲ್ಲುತ್ತದೆ. ಬ್ಲೂಸ್ ಮತ್ತು ರಾಕ್ ಸಂಗೀತದ ವಾದಕರು ಬಯಸುವುದು ಈ ಸ್ಥಿತಿಯನ್ನೇ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಮನುಷ್ಯರಿಗೆ ಒಪ್ಪುವುದು, ವಾಲ್ವಿಗೆ ಒಪ್ಪದು. ಅದು ತುಂಬಿ ತುಳುಕಿದಾಗಲೇ ಅದರ ಸೊಗಸು.

ಎರಡು ಪೆಟ್ಟಿಗೆಗಳ ಭೇದ ಇಲ್ಲಿದೆ. ಕ್ಯಾಲಿಫೋರ್ನಿಯದ ಫೆಂಡರ್ ಸಂಸ್ಥೆ 1950ರ ದಶಕದಲ್ಲಿ ತಯಾರಿಸಿದ ಚಾಂಪ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಕೊನೆಯ ಘಟ್ಟಕ್ಕೆ ಒಂದೇ ವಾಲ್ವು, 8 ಅಂಗುಲದ ಒಂದು ಸ್ಪೀಕರು. ಅದರ ಶಕ್ತಿ ಸುಮಾರು 5 ವಾಟ್. ಅದೇ ಸಂಸ್ಥೆ 1963ರಲ್ಲಿ ಹೊರತಂದ ಟ್ವಿನ್ ರಿವರ್ಬ್‌ನಲ್ಲಿ ಕೊನೆಯ ಘಟ್ಟಕ್ಕೆ ನಾಲ್ಕು ವಾಲ್ವು, 12 ಅಂಗುಲದ ಎರಡು ಸ್ಪೀಕರು; ಶಕ್ತಿ 85 ವಾಟ್. ಮೊದಲನೆಯದು ತಿರುಪು ನಡುದಾರಿಗೆ ಬರುವಷ್ಟರಲ್ಲಿ ತುಳುಕಲಾರಂಭಿಸುತ್ತದೆ. ಎರಡನೆಯದು ತುಳುಕುವ ಮೊದಲೇ ಮನೆಯ ಕಿಟಕಿಗಳು ಅದುರುತ್ತವೆ. ತಿರುಪನ್ನು ಇಳಿಸಿದರೆ ದೊಡ್ಡದು ಸಣ್ಣದಾಗುವುದಿಲ್ಲ. ಅರೆನಿದ್ದೆಯಲ್ಲಿರುವ ದೊಡ್ಡದಾಗಿಯೇ ಉಳಿಯುತ್ತದೆ.

ಹಾಗಾದರೆ ಇಷ್ಟು ದೊಡ್ಡದನ್ನು ಮಾಡಿದವರು ಅವಿವೇಕಿಗಳೆ? ಅಲ್ಲ. ಅವರಿಗೆ ಕಾರಣವಿತ್ತು. ಡ್ರಮ್ ವಾದನವನ್ನು ಕಲಿಸುತ್ತಿದ್ದ ಜಿಮ್ ಮಾರ್ಷಲ್ಲರು 1960ರಲ್ಲಿ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್ಲಿನಲ್ಲಿ ಒಂದು ವಾದ್ಯದ ಅಂಗಡಿ ತೆರೆದರು. ಅಲ್ಲಿಗೆ ಬರುತ್ತಿದ್ದ ಗಿಟಾರ್ ವಾದಕರ ಬೇಡಿಕೆಗೆ ಓಗೊಟ್ಟು, ಫೆಂಡರ್ ಸಂಸ್ಥೆಯ ಬಾಸ್‌ಮನ್ ಎಂಬ ಪೆಟ್ಟಿಗೆಯನ್ನು ಮಾದರಿಯಾಗಿಟ್ಟುಕೊಂಡು, 1962ರಲ್ಲಿ ಅವರ ಬಳಗ ತನ್ನ ಮೊದಲನೆಯ ಆಂಪ್ಲಿಫೈಯರನ್ನು ಕಟ್ಟಿತು. ಮೂರು ವರ್ಷಗಳಲ್ಲಿ ಅದೂ ಸಾಲದಾಯಿತು. ದ ಹೂ ಮೇಳದ ಪೀಟ್ ಟೌನ್ಸೆಂಡರು ಇನ್ನೂ ಜೋರಾದದ್ದು ಬೇಕೆಂದರು. 1965ರಲ್ಲಿ 100 ವಾಟಿನದು ಬಂತು. ಅದರೊಡನೆ ಎಂಟು ಸ್ಪೀಕರುಗಳ ಒಂದೇ ಬೃಹತ್ ಪೆಟ್ಟಿಗೆ. ಅದನ್ನು ಹೊತ್ತು ತಿರುಗುವವರ ಬೆನ್ನು ಸೋತುದರಿಂದ, ನಾಲ್ಕು ನಾಲ್ಕರಂತೆ ಎರಡಾಗಿ ಸೀಳಿ ಒಂದರ ಮೇಲೊಂದು ಪೇರಿಸಿದರು. ಇಂದಿಗೂ ರಾಕ್ ಮೇಳವೆಂದರೆ ಜನರ ಕಣ್ಣಿಗೆ ಕಟ್ಟುವ ಕಪ್ಪು ಗೋಡೆ ಹುಟ್ಟಿದ್ದು ಹೀಗೆ.

ಆಗ ವೇದಿಕೆಯ ಧ್ವನಿವರ್ಧಕಗಳು ಬಹುತೇಕ ಹಾಡುಗಾರನ ಕೊರಳಿಗಷ್ಟೇ ಮೀಸಲು. ಗಿಟಾರು ತನ್ನ ಕಾಲ ಮೇಲೆ ತಾನು ನಿಂತು ಕೊನೆಯ ಸಾಲನ್ನು ಮುಟ್ಟಬೇಕಾಗಿತ್ತು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನರೆದುರು ಬೀಟಲ್ಸ್ ಮೇಳ ನುಡಿಸಿತು. ವಾಕ್ಸ್ ಸಂಸ್ಥೆಯ 100 ವಾಟಿನ ಪೆಟ್ಟಿಗೆಗಳು ಅವರ ಹಿಂದಿದ್ದವು. ಆದರೂ ಅಭಿಮಾನಿಗಳ ಚೀತ್ಕಾರದಲ್ಲಿ ತಮ್ಮ ವಾದನ ತಮಗೇ ಕೇಳಿಸದೆ ಹೋಯಿತು. ಅಂಥ ಕಾಲದಲ್ಲಿ ದೊಡ್ಡದನ್ನು ಬಯಸಿದ್ದು ತಪ್ಪಲ್ಲ.

ಮುಂದೆ ಕಾಲ ಬದಲಾಯಿತು. ಪ್ರತಿಯೊಂದು ಪೆಟ್ಟಿಗೆಯ ಮುಂದೆಯೂ ಒಂದು ಮೈಕ್ರೊಫೋನ್ ನಿಂತಿತು. ಸಭಾಂಗಣವನ್ನು ತುಂಬುವ ಹೊರೆಯನ್ನು ಸಾರ್ವಜನಿಕ ಧ್ವನಿವ್ಯವಸ್ಥೆ ಹೊತ್ತುಕೊಂಡಿತು. 1950ರ ದಶಕದ, ಸುಮಾರು 15 ವಾಟಿನ ಫೆಂಡರ್ ಡಿಲಕ್ಸ್ ಒಂದನ್ನು ಹಿಡಿದುಕೊಂಡು ನೀಲ್ ಯಂಗರು ದೊಡ್ಡ ದೊಡ್ಡ ವೇದಿಕೆಗಳಲ್ಲಿ ದಶಕಗಟ್ಟಲೆ ನುಡಿಸಿದ್ದಾರೆ. ದೊಡ್ಡ ಪೆಟ್ಟಿಗೆಯನ್ನು ಹುಟ್ಟಿಸಿದ ಕಾರಣ ಬಹುಮಟ್ಟಿಗೆ ಹೋಯಿತು. ಅದರ ಮೇಲಿನ ಆಸೆ ಉಳಿಯಿತು.

ಒಬ್ಬರೇ ವಾದಕರ ಎರಡು ಧ್ವನಿಮುದ್ರಣಗಳು ಈ ಮಾತನ್ನು ಇನ್ನೂ ಸ್ಪಷ್ಟಪಡಿಸುತ್ತವೆ. 1966ರಲ್ಲಿ ಎರಿಕ್ ಕ್ಲಾಪ್ಟನ್ನರು ಜಾನ್ ಮಯಾಲರ ಮೇಳದೊಡನೆ ಲಂಡನ್ನಿನ ಡೆಕ್ಕಾ ಸ್ಟುಡಿಯೋಕ್ಕೆ ಒಂದು ಮಾರ್ಷಲ್ ಪೆಟ್ಟಿಗೆಯನ್ನು ಕೊಂಡೊಯ್ದು, ವೇದಿಕೆಯ ಮೇಲೆ ಇಡುವಷ್ಟೇ ಜೋರಾಗಿ ಇಟ್ಟು ನುಡಿಸುವೆನೆಂದು ಹಠ ಹಿಡಿದರು. ಅಂಥ ಅಬ್ಬರವನ್ನು ಕಾಣದಿದ್ದ ಸ್ಟುಡಿಯೋದವರಿಗೆ ಅದು ಇರುಸುಮುರುಸು. ಆದರೆ ಹಠ ಬರಿಯ ಹಠವಾಗಿರಲಿಲ್ಲ. ಆ ಪೆಟ್ಟಿಗೆ ತುಳುಕಬೇಕಾದರೆ ಅಷ್ಟು ಏರಿಸಲೇಬೇಕಾಗಿತ್ತು. ನಾಲ್ಕು ವರ್ಷಗಳ ಬಳಿಕ, 1970ರಲ್ಲಿ, ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ‘ಲೈಲಾ’ ಸಂಪುಟವನ್ನು ಮುದ್ರಿಸಿದಾಗ ಅದೇ ಕ್ಲಾಪ್ಟನ್ನರು ಬಳಸಿದ್ದು ಫೆಂಡರ್ ಚಾಂಪ್‌ನಂಥ ಪುಟ್ಟ ಪೆಟ್ಟಿಗೆಯನ್ನು. ಆ ಮುದ್ರಿಕೆಯನ್ನು ಕೇಳುವವರಿಗೆ ಗಿಟಾರು ಸಣ್ಣದಾಗಿ ಕೇಳಿಸುವುದಿಲ್ಲ. ಮೈಕ್ರೊಫೋನಿಗೆ ಪೆಟ್ಟಿಗೆಯ ಗಾತ್ರ ಕಾಣಿಸುವುದಿಲ್ಲ. ಅದರ ನಾದ ಮಾತ್ರ ಕೇಳಿಸುತ್ತದೆ.

ವಾಟಿನ ಲೆಕ್ಕವೂ ಕೊಳ್ಳುವವನನ್ನು ದಾರಿತಪ್ಪಿಸುವಂಥದು. 100 ವಾಟಿನದು 5 ವಾಟಿನದಕ್ಕಿಂತ 20 ಪಟ್ಟು ಜೋರೆಂದು ತರುಣ ಎಣಿಸುತ್ತಾನೆ. ಕಿವಿ ಹಾಗೆ ಎಣಿಸುವುದಿಲ್ಲ. ಶಕ್ತಿ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಹತ್ತು ಪಟ್ಟಾದರೆ 10 ಡೆಸಿಬೆಲ್. ಆ 10 ಡೆಸಿಬೆಲ್ಲನ್ನು ಕಿವಿ ಸುಮಾರು ಎರಡರಷ್ಟು ಜೋರೆಂದು ತಿಳಿಯುತ್ತದೆ. ಹಾಗಾಗಿ 5 ವಾಟಿಗೆ ಎರಡರಷ್ಟು ಜೋರು ಬೇಕಾದರೆ 50 ವಾಟ್ ಬೇಕು. 50ರಿಂದ 100ಕ್ಕೆ ಏರಿದವನಿಗೆ ದೊರೆಯುವ ಲಾಭ ಅತ್ಯಲ್ಪ. ಸ್ಪೀಕರಿನ ಗುಣವನ್ನಂತೂ ಮರೆಯಲೇಬಾರದು. ಅಷ್ಟೇ ಶಕ್ತಿಗೆ 3 ಡೆಸಿಬೆಲ್ ಹೆಚ್ಚು ಧ್ವನಿ ಕೊಡುವ ಸ್ಪೀಕರನ್ನು ಜೋಡಿಸಿದರೆ ಪೆಟ್ಟಿಗೆಯ ವಾಟನ್ನು ಇಮ್ಮಡಿಗೊಳಿಸಿದಂತೆಯೇ ಸರಿ.

ಇಷ್ಟಾದರೂ ದೊಡ್ಡದರ ಪರವಾದ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ತುಳುಕಿದ ನಾದ ಎಲ್ಲರಿಗೂ ಬೇಕಿಲ್ಲ. ಜಾಝ್ ವಾದಕನಿಗೂ ಕಂಟ್ರಿ ಸಂಗೀತಗಾರನಿಗೂ ಆರು ತಂತಿಗಳನ್ನು ಒಮ್ಮೆಗೇ ಮೀಟಿದಾಗ ಪ್ರತಿಯೊಂದು ಸ್ವರವೂ ತಿಳಿನೀರಿನಂತೆ ಬೇರೆಬೇರೆಯಾಗಿ ಕಾಣಬೇಕು. ಡ್ರಮ್ಮಿನ ಎದುರು ಅಂಥ ತಿಳಿಯನ್ನು ಕಾಯ್ದುಕೊಳ್ಳುವುದು 5 ವಾಟಿನ ಕೈಲಾಗದ ಕೆಲಸ. ತಗ್ಗುಸ್ವರಗಳು ಹೆಚ್ಚು ಶಕ್ತಿಯನ್ನು ಬೇಡುತ್ತವೆ. 8 ಅಂಗುಲದ ಸ್ಪೀಕರು ಅವುಗಳನ್ನು ಪೂರ್ತಿಯಾಗಿ ಹೊರಡಿಸಲಾರದು. ಇಂಥವರಿಗೆ ದೊಡ್ಡ ಪೆಟ್ಟಿಗೆ ಆಡಂಬರವಲ್ಲ, ಅಗತ್ಯ. ಎರಡರ ನಡುವೆ 15 ರಿಂದ 22 ವಾಟಿನ ಮಧ್ಯಮ ವರ್ಗವೊಂದು ಇದೆ. ಸಾಧಾರಣ ಸಭಾಂಗಣದಲ್ಲಿ ಡ್ರಮ್ಮಿನೊಡನೆ ನುಡಿಸುವವರಲ್ಲಿ ಹಲವರು ಅದರಲ್ಲಿಯೇ ತೃಪ್ತರು. ಆನೆಗೆ ಆನೆಯ ಭಾರ, ಇರುವೆಗೆ ಇರುವೆಯ ಭಾರ.

ಸಣ್ಣದು ಮೆಲುದನಿಯದೆಂಬ ಭ್ರಮೆಯೂ ಸಲ್ಲದು. ಪೂರ್ತಿ ಏರಿಸಿದ 5 ವಾಟಿನ ಪೆಟ್ಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ಲನ್ನು ಸಲೀಸಾಗಿ ದಾಟಬಲ್ಲದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ, 85 ಡೆಸಿಬೆಲ್ ಧ್ವನಿಯನ್ನು ದಿನಕ್ಕೆ 8 ಗಂಟೆ ಸಹಿಸಬಹುದಾದರೆ, 100 ಡೆಸಿಬೆಲ್ಲಿಗೆ ಸಲ್ಲುವುದು 15 ನಿಮಿಷ ಮಾತ್ರ. ತಮ್ಮ ಕಿವಿ ಕೆಟ್ಟದ್ದನ್ನು ಟೌನ್ಸೆಂಡರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ವೇದಿಕೆಗಿಂತ ಸ್ಟುಡಿಯೋದ ಹೆಡ್‌ಫೋನಿನ ಮೇಲೆಯೇ ಅವರು ಹೆಚ್ಚು ದೋಷ ಹೊರಿಸುತ್ತಾರೆಂಬುದು ನಿಜ. ಜೋರು ಯಾವ ದಾರಿಯಿಂದ ಬಂದರೂ ಕಿವಿಗೆ ಒಂದೇ. ವಾಲ್ವು ಸುಟ್ಟರೆ ಇನ್ನೊಂದನ್ನು ಹಾಕಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

100 ವಾಟಿನ ಗೋಡೆಯನ್ನು ಕಟ್ಟಿದ ಮಾರ್ಷಲ್ ಸಂಸ್ಥೆಯೇ ತನ್ನ ಐವತ್ತನೆಯ ವರ್ಷವಾದ 2012ರಲ್ಲಿ ಹೊರತಂದ ನೆನಪಿನ ಪೆಟ್ಟಿಗೆಗಳ ಶಕ್ತಿ ಕೇವಲ 1 ವಾಟ್. ಜಿಮ್ ಮಾರ್ಷಲ್ಲರು ತೀರಿಕೊಂಡದ್ದೂ ಅದೇ ವರ್ಷದ ಏಪ್ರಿಲಿನಲ್ಲಿ. ಮನೆಯಲ್ಲಿ ನುಡಿಸುವವನಿಗೆ ಏನು ಬೇಕೆಂಬುದನ್ನು ಆ ಸಂಸ್ಥೆಯೂ ಅರಿತಿತ್ತು.

ಕೊಳ್ಳುವವರು ಗಮನದಲ್ಲಿಡಬೇಕಾದ ಇನ್ನೆರಡು ಮಾತುಗಳಿವೆ. ಸ್ಪೀಕರನ್ನು ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ನಡೆಸಬಾರದು. ಅದರ ಟ್ರಾನ್ಸ್‌ಫಾರ್ಮರು ಕೆಡುವ ಸಂಭವವುಂಟು. ಹಾಗೆಯೇ ಪೆಟ್ಟಿಗೆಯ ಹಿಂಬದಿಯನ್ನು ಕುತೂಹಲಕ್ಕೆಂದು ಬಿಚ್ಚಬಾರದು. ಒಳಗಿನ ವಿದ್ಯುತ್ತು ನೂರಾರು ವೋಲ್ಟುಗಳದು. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ಅದು ಒಳಗೆ ಅವಿತುಕೊಂಡಿದ್ದು ಪ್ರಾಣಾಪಾಯವನ್ನು ತಂದೀತು.

ಈಗ ಆ ಅಂಗಡಿಗೆ ಹಿಂದಿರುಗಬಹುದು. ತರುಣ ಮೊದಲು ದೊಡ್ಡ ಪೆಟ್ಟಿಗೆಗೆ ಗಿಟಾರನ್ನು ಜೋಡಿಸಿ, ತನ್ನ ಕೋಣೆಯಲ್ಲಿ ಇಡಬಹುದಾದಷ್ಟೇ ತಿರುಪನ್ನು ಏರಿಸಿ ನುಡಿಸುತ್ತಾನೆ. ಸ್ವರ ಸ್ವಚ್ಛವಾಗಿದೆ, ಆದರೆ ತಣ್ಣಗಿದೆ, ಮೀಟಿದೊಡನೆ ಸತ್ತುಹೋಗುತ್ತದೆ. ಅಂಗಡಿಯವನ ಮುಖವನ್ನು ನೋಡುತ್ತ ಇನ್ನೊಂದಿಷ್ಟು ಏರಿಸುತ್ತಾನೆ. ಬಾಗಿಲ ಬಳಿ ನಿಂತಿದ್ದವರು ತಿರುಗಿ ನೋಡುತ್ತಾರೆ. ಆಮೇಲೆ ಸಣ್ಣದು. ಒಂದೇ ತಿರುಪು; ಅರ್ಧಕ್ಕಿಂತ ಕೊಂಚ ಮೇಲೆ. ಮೆಲ್ಲಗೆ ಮೀಟಿದರೆ ತಿಳಿಯಾಗಿ ಉತ್ತರಿಸುತ್ತದೆ, ಒತ್ತಿ ಮೀಟಿದರೆ ಗದ್ಗದಿತವಾಗುತ್ತದೆ. ಬೆರಳು ಹೇಳಿದ್ದನ್ನು ಅದು ಕೇಳುತ್ತಿದೆ. ಶನಿವಾರದ ಪಾನಗೃಹಕ್ಕೆ ಅದರ ಮುಂದೆ ಒಂದು ಮೈಕ್ರೊಫೋನ್ ಇಟ್ಟರಾಯಿತು. ಹಣದಲ್ಲಿಯೂ ಒಂದು ಪಾಲು ಜೇಬಿನಲ್ಲಿಯೇ ಉಳಿಯುತ್ತದೆ.

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬುದು ಜಿಪುಣನ ಗಾದೆಯೆಂದು ಅನೇಕರು ತಿಳಿದಿದ್ದಾರೆ. ಆದರೆ ಕಾಲನ್ನು ಪೂರ್ತಿಯಾಗಿ ಚಾಚಬಹುದೆಂಬ ಮಾತೂ ಅದರಲ್ಲಿಯೇ ಇದೆ. ತರುಣ ಸಣ್ಣ ಪೆಟ್ಟಿಗೆಯನ್ನು ಒಂದು ಕೈಯಲ್ಲಿಯೂ ಗಿಟಾರನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ನೆಲದಡಿಯ ರೈಲನ್ನು ಹತ್ತುತ್ತಾನೆ. ಮನೆಗೆ ಹೋದೊಡನೆ ಅವನು ಮಾಡಬೇಕಾದ ಮೊದಲ ಕೆಲಸ, ಪಕ್ಕದ ಕೋಣೆಯವರು ಎಷ್ಟು ಹೊತ್ತಿಗೆ ಮಲಗುತ್ತಾರೆಂದು ಕೇಳಿಕೊಳ್ಳುವುದು.