ಮತ್ತೊಂದು ವರ್ಷದ ಬೆಲೆಯನ್ನು ಯಾರು ತೆರಬೇಕು?

ನೀಟ್ ಫಲಿತಾಂಶ ಪ್ರಕಟವಾದ ಒಂದೆರಡು ವಾರಗಳಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಂದೇ ಪ್ರಶ್ನೆ ಚರ್ಚೆಗೆ ಬರುತ್ತದೆ. ಮಗನನ್ನೋ ಮಗಳನ್ನೋ ಈಗ ಸಿಕ್ಕಿದ ಕೋರ್ಸಿಗೆ ಸೇರಿಸುವುದೇ, ಇಲ್ಲ ಅಂಕ ಸುಧಾರಿಸಿಕೊಳ್ಳಲೆಂದು ಇನ್ನೊಂದು ವರ್ಷ ಓದಿಸುವುದೇ? ಹಿಂದೆ ನಪಾಸಾದವರಿಗೆ ಮಾತ್ರ ಅಂಟುತ್ತಿದ್ದ 'ರಿಪೀಟರ್' ಎಂಬ ಹಣೆಪಟ್ಟಿಯನ್ನು ಇಂದು ತೊಂಬತ್ತು ಪ್ರತಿಶತ ಪಡೆದ ಮಕ್ಕಳು ಹೊತ್ತು ತಿರುಗುತ್ತಿದ್ದಾರೆ. ಈ ತೀರ್ಮಾನವನ್ನು ನಾವು ಕುಟುಂಬದ ಖಾಸಗಿ ವಿಷಯವೆಂದು ಭಾವಿಸಿದ್ದೇವೆ. ಆದರೆ ಇದು ಸಾರ್ವಜನಿಕ ನೀತಿಯ ಪ್ರಶ್ನೆಯೂ ಹೌದು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಅಂಕ ಸುಧಾರಣೆ ಎಂಬ ಒಂದೇ ಮಾತಿನಡಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಒಂದು, ದ್ವಿತೀಯ ಪಿಯುಸಿಯ ಅಂಕ. ಇನ್ನೊಂದು, ನೀಟ್ ಅಂಕ. 2024ರಲ್ಲಿ ನಮ್ಮ ರಾಜ್ಯ ಪೂರಕ ಪರೀಕ್ಷೆಯ ಹಳೆಯ ಪದ್ಧತಿಯನ್ನು ಕೈಬಿಟ್ಟು, ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ, ಅವುಗಳಲ್ಲಿ ಬಂದ ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ನೀಡಿತು. ಒಂದು ದಿನದ ಜ್ವರಕ್ಕೆ ಒಂದು ವರ್ಷದ ದಂಡ ತೆರುವ ಕ್ರೌರ್ಯ ಇದರಿಂದ ತಪ್ಪಿತು. ಇದು ಸ್ವಾಗತಾರ್ಹ. ಆದರೆ ವೈದ್ಯಕೀಯ ಸೀಟಿನ ಮಟ್ಟಿಗೆ ಪಿಯುಸಿ ಅಂಕ ಕೇವಲ ಅರ್ಹತೆಯ ಹೊಸ್ತಿಲು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳವರಿಗೆ ಶೇ 40 ಬಂದಿದ್ದರೆ ಸಾಕು. ಅಲ್ಲಿಂದ ಮುಂದೆ ರ‍್ಯಾಂಕ್ ನಿರ್ಧಾರವಾಗುವುದು ನೀಟ್‌ನಿಂದ ಮಾತ್ರ. ಪಿಯುಸಿಯ 92ನ್ನು 97ಕ್ಕೆ ಏರಿಸಲು ಹೆಣಗುವ ವೈದ್ಯಾಕಾಂಕ್ಷಿಯ ಶ್ರಮದಿಂದ ಸೀಟಿನ ದೃಷ್ಟಿಯಲ್ಲಿ ಯಾವ ಲಾಭವೂ ಇಲ್ಲ.

ಹೀಗಾಗಿ ನಿಜವಾದ ಸ್ಪರ್ಧೆ ನಡೆಯುವುದು ನೀಟ್‌ನಲ್ಲಿ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಈ ಪರೀಕ್ಷೆ ಬರೆದರು. ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.12 ಲಕ್ಷ. ಹತ್ತು ವರ್ಷಗಳ ಹಿಂದೆ ಇದ್ದ 51 ಸಾವಿರಕ್ಕೆ ಹೋಲಿಸಿದರೆ ಸೀಟುಗಳು ಎರಡು ಪಟ್ಟಿಗಿಂತ ಹೆಚ್ಚಾಗಿವೆ. ಆದರೂ ನೂಕುನುಗ್ಗಲು ತಗ್ಗಿಲ್ಲ. ಕಾರಣ ಸರಳ. ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಸಾವಿರಗಳ ಲೆಕ್ಕದಲ್ಲಿದ್ದರೆ, ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಹತ್ತಾರು ಲಕ್ಷಗಳ ಲೆಕ್ಕದಲ್ಲಿದೆ. ಕೆಲವೇ ಅಂಕಗಳ ಅಂತರ ಒಂದು ಮನೆಯ ಇಡೀ ಉಳಿತಾಯವನ್ನು ಉಳಿಸಬಲ್ಲದು ಅಥವಾ ಕರಗಿಸಬಲ್ಲದು. ಹೀಗಿರುವಾಗ ಒಂದೆರಡು ಲಕ್ಷ ಖರ್ಚು ಮಾಡಿ ಮಗುವನ್ನು ಮತ್ತೊಂದು ವರ್ಷ ಕೋಚಿಂಗ್‌ಗೆ ಕಳಿಸುವ ತಂದೆಯನ್ನು ದುರಾಸೆಯವನೆಂದು ಜರೆಯುವುದು ಸರಿಯಲ್ಲ. ಅರ್ಥಶಾಸ್ತ್ರದ ದೃಷ್ಟಿಯಿಂದ ಅದು ವಿವೇಕದ ಹೂಡಿಕೆಯೇ.

ತೊಡಕಿರುವುದು ಒಟ್ಟು ಲೆಕ್ಕದಲ್ಲಿ. ಬಯಲಾಟದಲ್ಲಿ ಮುಂದಿನ ಸಾಲಿನವನೊಬ್ಬ ಎದ್ದು ನಿಂತರೆ ಅವನಿಗೆ ರಂಗಸ್ಥಳ ಚೆನ್ನಾಗಿ ಕಾಣುತ್ತದೆ. ಅವನ ಹಿಂದಿನವರೂ ನಿಲ್ಲಬೇಕಾಗುತ್ತದೆ. ಕೊನೆಗೆ ಎಲ್ಲರೂ ನಿಂತೇ ಆಟ ನೋಡುತ್ತಾರೆ, ಯಾರಿಗೂ ಮೊದಲಿಗಿಂತ ಹೆಚ್ಚು ಕಾಣುವುದಿಲ್ಲ, ಕಾಲು ಮಾತ್ರ ಎಲ್ಲರಿಗೂ ನೋಯುತ್ತದೆ. ಸೀಟುಗಳ ಸಂಖ್ಯೆ ನಿಗದಿಯಾಗಿರುವಾಗ ಒಬ್ಬನ ಅಂಕ ಏರಿದರೆ ಇನ್ನೊಬ್ಬನ ರ‍್ಯಾಂಕ್ ಇಳಿಯುತ್ತದೆ. ಲಕ್ಷಾಂತರ ಯುವಕರ ಒಂದೊಂದು ವರ್ಷ ವ್ಯಯವಾದ ಮೇಲೂ ದೇಶಕ್ಕೆ ಒಬ್ಬ ವೈದ್ಯನೂ ಹೆಚ್ಚುವರಿಯಾಗಿ ದೊರೆಯುವುದಿಲ್ಲ.

ಅಂಕ ಸುಧಾರಿಸಿದರೂ ರ‍್ಯಾಂಕ್ ಸುಧಾರಿಸುತ್ತದೆಂಬ ಖಾತರಿಯಿಲ್ಲ. 2023ರಲ್ಲಿ 720ಕ್ಕೆ 720 ಪಡೆದವರು ಇಬ್ಬರು. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ ಅವರ ಸಂಖ್ಯೆ 67. ವಿವಾದ, ಕೃಪಾಂಕ ರದ್ದತಿ, ನ್ಯಾಯಾಲಯದ ವಿಚಾರಣೆಗಳ ಬಳಿಕ ಅದು 17ಕ್ಕೆ ಇಳಿಯಿತು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿ, ಅತ್ಯಧಿಕ ಅಂಕವೇ 686 ಆಯಿತು. ಹಿಂದಿನ ವರ್ಷಕ್ಕಿಂತ ಐವತ್ತು ಅಂಕ ಹೆಚ್ಚು ಗಳಿಸಿಯೂ ಹಿಂದೆ ಬಿದ್ದವರು 2024ರಲ್ಲಿ ಇದ್ದರು. ಅಳತೆಗೋಲೇ ವರ್ಷದಿಂದ ವರ್ಷಕ್ಕೆ ಹಿಗ್ಗಿ ಕುಗ್ಗುವಾಗ 'ಇನ್ನು ಮೂವತ್ತು ಅಂಕ ಬಂದರೆ ಸಾಕು' ಎಂಬ ಲೆಕ್ಕಾಚಾರಕ್ಕೆ ಭದ್ರವಾದ ತಳಹದಿ ಇರುವುದಿಲ್ಲ.

ಈ ಓಟದಲ್ಲಿ ಯಾರು ಗೆಲ್ಲುತ್ತಿದ್ದಾರೆ ಎಂಬುದನ್ನು ನೆರೆಯ ತಮಿಳುನಾಡು ಲೆಕ್ಕ ಹಾಕಿ ನೋಡಿದೆ. ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ನೀಡಿದ ವರದಿಯ ಪ್ರಕಾರ, 2016-17ರಲ್ಲಿ ಅಲ್ಲಿ ಎಂಬಿಬಿಎಸ್‌ಗೆ ಸೇರಿದವರಲ್ಲಿ ಪುನರಾವರ್ತಿತ ಅಭ್ಯರ್ಥಿಗಳ ಪಾಲು ಶೇ 12.47. ನೀಟ್ ಜಾರಿಯಾದ ಮೇಲೆ, 2020-21ರ ವೇಳೆಗೆ, ಅದು ಶೇ 71.42ಕ್ಕೆ ಏರಿತು. ನೀಟ್ ಬೇಕೇ ಬೇಡವೇ ಎಂಬ ಆ ರಾಜ್ಯದ ರಾಜಕೀಯ ಚರ್ಚೆಯನ್ನು ಬದಿಗಿಟ್ಟು ನೋಡಿದರೂ ಈ ಅಂಕಿಗಳು ಹೇಳುವ ಸತ್ಯ ಸ್ಪಷ್ಟ. ಎರಡನೆಯ ಪ್ರಯತ್ನ ಈಗ ಅಪವಾದವಲ್ಲ, ಅದೇ ನಿಯಮ. ಐದೂವರೆ ವರ್ಷದ ಎಂಬಿಬಿಎಸ್ ಶಿಕ್ಷಣ ವಾಸ್ತವದಲ್ಲಿ ಆರೂವರೆ ವರ್ಷದ್ದಾಗಿದೆ. ಆ ಹೆಚ್ಚುವರಿ ವರ್ಷದ ವೆಚ್ಚವನ್ನು ಭರಿಸುವುದು ಸರ್ಕಾರವಲ್ಲ, ಕುಟುಂಬ. ಭರಿಸಲಾರದ ಕುಟುಂಬದ ಮಗು ಮೊದಲ ಪ್ರಯತ್ನದಲ್ಲೇ ಸ್ಪರ್ಧೆಯಿಂದ ಹೊರಗೆ ಹೋಗುತ್ತದೆ.

ಹಾಗಾದರೆ ಪ್ರಯತ್ನಗಳ ಸಂಖ್ಯೆಗೆ ಮಿತಿ ಹಾಕಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾಗರಿಕ ಸೇವಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ ಆರು ಅವಕಾಶಗಳಷ್ಟೇ. ಐಐಟಿಗಳ ಜೆಇಇ ಅಡ್ವಾನ್ಸ್ಡ್‌ಗೆ ಸತತ ಎರಡು ವರ್ಷಗಳಲ್ಲಿ ಎರಡೇ ಪ್ರಯತ್ನ. ನೀಟ್‌ಗೆ ಮಾತ್ರ ಅಂತಹ ಮಿತಿಯಿಲ್ಲ. 2022ರಲ್ಲಿ ಗರಿಷ್ಠ ವಯೋಮಿತಿಯನ್ನೂ ತೆಗೆದುಹಾಕಲಾಯಿತು. ಮಿತಿಯ ವಾದದಲ್ಲಿ ತರ್ಕವಿದೆ, ಆದರೆ ಅದರ ಪೆಟ್ಟು ಬೀಳುವುದು ತಪ್ಪು ಜಾಗಕ್ಕೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಎದುರಿಸುವ ರಾಯಚೂರಿನ ಅಥವಾ ಚಾಮರಾಜನಗರದ ಹುಡುಗಿಗೆ ಮೊದಲ ವರ್ಷ ಭಾಷೆಯೊಂದಿಗೆ ಗುದ್ದಾಡುವುದರಲ್ಲೇ ಕಳೆಯುತ್ತದೆ. ಎರಡನೆಯ ಅವಕಾಶ ಅತ್ಯಗತ್ಯವಾಗಿರುವುದು ಅವಳಿಗೆ. ಎಂಟನೆಯ ತರಗತಿಯಿಂದಲೇ ಕೋಚಿಂಗ್ ಪಡೆದ ನಗರದ ಹುಡುಗ ಮಿತಿ ಬಂದರೂ ಮೊದಲ ಯತ್ನದಲ್ಲೇ ದಾಟಿಕೊಳ್ಳುತ್ತಾನೆ.

ಅಮೆರಿಕದ ವೈದ್ಯಕೀಯ ಶಾಲೆಗಳು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿವೆ. ಅಲ್ಲಿ ಪದವಿಯ ನಂತರ ವೈದ್ಯ ಶಿಕ್ಷಣ. ಕಾಲೇಜಿನ ನಾಲ್ಕೂ ವರ್ಷಗಳ ಗ್ರೇಡುಗಳು ಲೆಕ್ಕಕ್ಕೆ ಬರುತ್ತವೆ. ಒಂದು ವಿಷಯವನ್ನು ಮತ್ತೆ ಓದಿ ಉತ್ತಮ ಗ್ರೇಡು ಪಡೆದರೂ ಎಂ.ಡಿ. ಶಾಲೆಗಳ ಕೇಂದ್ರೀಕೃತ ಅರ್ಜಿ ವ್ಯವಸ್ಥೆ ಹಳೆಯದನ್ನೂ ಹೊಸದನ್ನೂ ಸೇರಿಸಿಯೇ ಸರಾಸರಿ ತೆಗೆಯುತ್ತದೆ. ಹಳೆಯ ಗ್ರೇಡನ್ನು ಅಳಿಸಲು ಅವಕಾಶ ಕೊಡುತ್ತಿದ್ದ ಆಸ್ಟಿಯೋಪತಿ ಶಾಲೆಗಳೂ 2017ರಲ್ಲಿ ಅದನ್ನು ಕೈಬಿಟ್ಟವು. ಆ ಪದ್ಧತಿಯಲ್ಲಿ ಕಾಠಿಣ್ಯವಿದೆ. ಆದರೆ ದೀರ್ಘಕಾಲದ ಓದಿಗೆ ಬೆಲೆಯೂ ಇದೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಹನ್ನೆರಡು ವರ್ಷಗಳ ಶಾಲಾ ಕಲಿಕೆಗೆ ಸೊನ್ನೆ, ಒಂದು ಮಧ್ಯಾಹ್ನದ ಮೂರು ಗಂಟೆಗೆ ನೂರು. ಪಿಯುಸಿ ತರಗತಿಗಳು ಹಾಜರಾತಿಗಷ್ಟೇ ಸೀಮಿತವಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಶಾಲಾ ಅಂಕಕ್ಕೂ ತೂಕ ಕೊಡುವುದು ಸುಲಭವಲ್ಲ ಎಂಬುದು ನಮಗೆ ಅನುಭವದಿಂದ ಗೊತ್ತು. ಎಂಜಿನಿಯರಿಂಗ್ ಪ್ರವೇಶಕ್ಕೆ ಪಿಯುಸಿ ಮತ್ತು ಸಿಇಟಿ ಅಂಕಗಳನ್ನು ಸಮಪಾಲಿನಲ್ಲಿ ಪರಿಗಣಿಸುವ ನಮ್ಮ ರಾಜ್ಯದಲ್ಲಿ, ಕೋವಿಡ್ ಕಾರಣ ಪರೀಕ್ಷೆಯಿಲ್ಲದೆ ತೇರ್ಗಡೆಯಾದ 2021ರ ತಂಡದ ಸುಮಾರು 24 ಸಾವಿರ ಪುನರಾವರ್ತಿತ ಅಭ್ಯರ್ಥಿಗಳ ಪಿಯುಸಿ ಅಂಕವನ್ನು 2022ರಲ್ಲಿ ಪರಿಗಣಿಸದೆ ಬಿಟ್ಟಾಗ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಅವರ ಅಂಕದಲ್ಲಿ ಅಲ್ಪ ಕಡಿತ ಮಾಡುವ ಸೂತ್ರದೊಂದಿಗೆ ಅದು ಇತ್ಯರ್ಥವಾಯಿತು. ಅಂದರೆ, ಹಳಬರನ್ನೂ ಹೊಸಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ಕಷ್ಟಸಾಧ್ಯ, ಅಸಾಧ್ಯವಲ್ಲ.

ನೀಟ್‌ನ ಸ್ವರೂಪ ಬದಲಿಸುವುದು ಕೇಂದ್ರದ ಕೈಯಲ್ಲಿದೆ. ಆದರೆ ರಾಜ್ಯ ಸರ್ಕಾರ ತನ್ನ ಮಿತಿಯಲ್ಲೇ ಮೂರು ಕೆಲಸಗಳನ್ನು ಮಾಡಬಹುದು. ಮೊದಲನೆಯದು, ಸತ್ಯವನ್ನು ತಿಳಿದುಕೊಳ್ಳುವುದು. ರಾಜ್ಯದ ವೈದ್ಯಕೀಯ ಕಾಲೇಜುಗಳಿಗೆ ಸೇರುವವರಲ್ಲಿ ಎಷ್ಟು ಮಂದಿ ಎಷ್ಟನೆಯ ಯತ್ನದಲ್ಲಿ ಬಂದವರು, ಯಾವ ಮಾಧ್ಯಮದಲ್ಲಿ, ಯಾವ ಬಗೆಯ ಕಾಲೇಜಿನಲ್ಲಿ ಓದಿದವರು ಎಂಬ ಅಂಕಿ ಅಂಶವನ್ನು ಪ್ರತಿ ವರ್ಷ ಪ್ರಕಟಿಸಬೇಕು. ಎರಡನೆಯದು, ರಾಜ್ಯದಲ್ಲಿರುವ ಸಾವಿರಕ್ಕೂ ಹೆಚ್ಚು ಸರ್ಕಾರಿ ಪದವಿಪೂರ್ವ ಕಾಲೇಜುಗಳ ಪೈಕಿ ತಾಲ್ಲೂಕಿಗೆ ಒಂದನ್ನಾದರೂ ಸಂಜೆಯ ಹೊತ್ತು ಪುನರಾವರ್ತಿತ ವಿದ್ಯಾರ್ಥಿಗಳಿಗೆ ತೆರೆದಿಡಬೇಕು. ಪ್ರಯೋಗಾಲಯ, ಗ್ರಂಥಾಲಯ, ಇಬ್ಬರು ಮೂವರು ಒಳ್ಳೆಯ ಉಪನ್ಯಾಸಕರು, ಹಾಸ್ಟೆಲಿನಲ್ಲಿ ಒಂದು ವರ್ಷದ ಮುಂದುವರಿಕೆ ಇಷ್ಟಾದರೆ ಸಾಕು. ಮೂರನೆಯದು, ಮೀಸಲಾತಿಯ ಪುನರ್ವಿಮರ್ಶೆ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ನಮ್ಮಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟುಗಳಿವೆ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೇ ಶೇ 7.5 ಸೀಟುಗಳನ್ನು ತೆಗೆದಿರಿಸಿತು. ಪಿಯುಸಿಯನ್ನೂ ಸರ್ಕಾರಿ ಕಾಲೇಜಿನಲ್ಲೇ ಓದಿದ ಮಗುವನ್ನು ಗುರುತಿಸುವ ಅಂತಹ ಏರ್ಪಾಡನ್ನು ನಾವೂ ಪರಿಶೀಲಿಸಬೇಕು.

ಪೋಷಕರಿಗೂ ಒಂದು ಮಾತು. ಇನ್ನೊಂದು ವರ್ಷ ಎಂದು ನಿರ್ಧರಿಸುವ ಮುನ್ನ ಅಂಕ ಎಲ್ಲಿ ಸೋರಿತು ಎಂದು ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ನೋಡಿ. 720ರಲ್ಲಿ 360 ಅಂಕ ಜೀವಶಾಸ್ತ್ರಕ್ಕೇ ಮೀಸಲು. ಪ್ರತಿ ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಓದಿನ ಕೊರತೆಯಿಂದ ಹೋದ ಅಂಕವನ್ನು ಒಂದು ವರ್ಷದಲ್ಲಿ ಮರಳಿ ಪಡೆಯಬಹುದು. ಆಸಕ್ತಿಯ ಕೊರತೆಯಿಂದ ಹೋದದ್ದನ್ನು ಮೂರು ವರ್ಷಗಳಲ್ಲೂ ಪಡೆಯಲಾಗದು. ಎಷ್ಟು ಪ್ರಯತ್ನ ಎಂಬುದನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಇಷ್ಟು ಖರ್ಚಾಗಿದೆಯಲ್ಲ ಎಂಬ ಕಾರಣಕ್ಕೆ ಮತ್ತೊಂದು ವರ್ಷ ಸೇರಿಸುವುದು ಹೋದ ಹಣದ ಹಿಂದೆ ಇದ್ದ ಹಣವನ್ನೂ ಕಳಿಸಿದಂತೆ. ಕೋಚಿಂಗ್ ಕೇಂದ್ರವನ್ನು ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹಿಂದಿರುಗಿಸಬೇಕೆಂದು ಕೇಂದ್ರದ ಶಿಕ್ಷಣ ಸಚಿವಾಲಯ 2024ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ. ಶುಲ್ಕ ಕಟ್ಟಿಯಾಗಿದೆ ಎಂಬ ಕಾರಣಕ್ಕೆ ಮಗುವನ್ನು ಅಲ್ಲೇ ಉಳಿಸಬೇಕಿಲ್ಲ. ರಾಜಸ್ಥಾನದ ಕೋಟಾದಲ್ಲಿ 2023ರ ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು ಎಂಬುದನ್ನು ಯಾವ ತಂದೆತಾಯಿಯೂ ಮರೆಯಬಾರದು.

ಸೇವೆಯಲ್ಲಿದ್ದ ವರ್ಷಗಳಲ್ಲಿ ವೈದ್ಯರಿಲ್ಲದ ಗ್ರಾಮೀಣ ಆಸ್ಪತ್ರೆಗಳ ಕಡತಗಳು ಮತ್ತೆ ಮತ್ತೆ ನನ್ನ ಮೇಜಿಗೆ ಬರುತ್ತಿದ್ದವು. ಹಳ್ಳಿಯಿಂದ ಬಂದವರು ಹಳ್ಳಿಗೆ ಮರಳುವ ಸಾಧ್ಯತೆ ಹೆಚ್ಚು ಎಂಬುದನ್ನು ಆ ಕಡತಗಳೇ ಕಲಿಸಿದವು. ಎರಡನೆಯ ಅವಕಾಶ ದುಡ್ಡಿದ್ದವರಿಗಷ್ಟೇ ದಕ್ಕುವ ಸರಕಾದರೆ ಬಡ ಮಗು ಸೀಟನ್ನು ಕಳೆದುಕೊಳ್ಳುತ್ತದೆ, ಅದರ ಊರು ವೈದ್ಯನನ್ನೇ ಕಳೆದುಕೊಳ್ಳುತ್ತದೆ. ಆ ಒಂದು ವರ್ಷದ ಬೆಲೆಯಲ್ಲಿ ಒಂದು ಪಾಲನ್ನಾದರೂ ಸರ್ಕಾರ ಹೊರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.