ಮೇಜಿನ ಮೇಲಿನ ಅನ್ಯಲೋಕ

ಬಬಲೇಶ್ವರದಲ್ಲಿರುವ ನನ್ನ ಅಕ್ಕನ ಮೊಮ್ಮಗನು ವಿಜಯಪುರದ ಕಾಲೇಜೊಂದರಲ್ಲಿ ಓದುತ್ತಿದ್ದಾನೆ. ಕಳೆದ ರಜೆಯಲ್ಲಿ ಅವನು ಪಡಸಾಲೆಯ ಮೇಜಿನ ಮೇಲೆ ಯುದ್ಧಭೂಮಿಯೊಂದನ್ನು ಕಟ್ಟತೊಡಗಿದನು. ಹೆಬ್ಬೆರಳಿನ ಗಾತ್ರದ ಸೈನಿಕರನ್ನು ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ನಡೆಯಿಸುವ ಆಟವದು. ನೆಲವು ಒಂದೊಂದು ಅಡಿಯ ಚೌಕಗಳಾಗಿರುವುದರಿಂದ, ಅವನ್ನು ಕೂಡಿಸಿದಂತೆಲ್ಲ ಹೊಸದೊಂದು ಊರು ಹುಟ್ಟುತ್ತದೆ. “ಮುತ್ಯಾ, ಇದು ಭೂಮಿ ಅಲ್ಲ, ಬ್ಯಾರೆ ಗ್ರಹ” ಎಂದನು.

ಇದು ನಗುವ ಸಂಗತಿಯಲ್ಲ. ಮಂಗಳಗ್ರಹದವರ ದಾಳಿಯನ್ನು 1898ರ ಕಾದಂಬರಿಯಲ್ಲಿ ಕಲ್ಪಿಸಿದ ಎಚ್. ಜಿ. ವೆಲ್ಸನೇ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆಯ ಸೈನಿಕರ ಕಾಳಗಕ್ಕೆ ನಿಯಮಗಳನ್ನು ಬರೆದನು. ನನ್ನ ತಕರಾರು ಆಟದ ಮೇಲಲ್ಲ, ಹುಡುಗನು ಆರಿಸಿಕೊಂಡ ಸಾಮಗ್ರಿಯ ಮೇಲೆ.

ಅವನು ತಂದದ್ದು ಥರ್ಮೋಕೋಲ್. ಹಗುರವೂ ಅಗ್ಗವೂ ಆದ ವಸ್ತುವೆಂಬುದು ದಿಟ. ಆದರೆ ಕಾದ ತಂತಿಯಿಂದ ಕೊರೆದಾಗ ಏಳುವ ಹೊಗೆಯಲ್ಲಿ ಸ್ಟೈರೀನ್ ಇರುತ್ತದೆ. ಸ್ಪ್ರೇ ಬಣ್ಣದಲ್ಲಿಯ ದ್ರಾವಕವು ಗೋಡೆಯನ್ನೇ ತಿಂದುಹಾಕುತ್ತದೆ. ಒಂದು ಸಂಜೆ ಬಾಗಿಲು ಮುಚ್ಚಿಕೊಂಡು ಕೊರೆದವನು ತಲೆ ಹಿಡಿದುಕೊಂಡೇ ಹೊರಗೆ ಬಂದನು. ಅಲಂಕಾರದ ಥರ್ಮೋಕೋಲಿಗೆ ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಿದೆ. ಆಟದ ಗೋಡೆ ಅಲಂಕಾರವೋ ಅಲ್ಲವೋ ಎಂಬ ಜಿಜ್ಞಾಸೆಯನ್ನು ವಕೀಲರಿಗೆ ಬಿಡೋಣ. ಚೂರುಗಳು ಗಾಳಿಗೆ ಹಾರಿ ಹೊಲ ಸೇರಿದರೆ ಕೊಳೆಯುವುದಿಲ್ಲವಷ್ಟೆ.

ತಿಕೋಟಾ ದ್ರಾಕ್ಷಿಯ ಸೀಮೆ. ಹಣ್ಣು ತುಂಬುವ ರಟ್ಟಿನ ಡಬ್ಬಿಗಳಿಗೆ ಅಲ್ಲಿ ಬರವಿಲ್ಲ. ರಟ್ಟಿಗೆ ನೀರು ಸವರಿ ಮೇಲಿನ ಕಾಗದವನ್ನು ಸುಲಿದರೆ ಒಳಗಿನ ಏಣುಹಾಳೆ ಕಾಣುತ್ತದೆ. ಬೂದು ಬಣ್ಣ ಬಳಿದರೆ ಹಾಳುಬಿದ್ದ ಕಾರಖಾನೆಯ ತಗಡು! ಚಾಟನಿಯಲ್ಲಿ ಕತ್ತರಿಸಿ ಎಸೆದ ಬಳ್ಳಿಯ ತುಂಡುಗಳು ಒಣಗಿ ತಿರುಚಿಕೊಂಡಾಗ ಈ ಲೋಕದ ಗಿಡದಂತೆ ತೋರುವುದೇ ಇಲ್ಲ. ಜೋಳದ ದಂಟಿನ ಬೆಂಡಿಗೆ ಮುಳ್ಳು ಚುಚ್ಚಿ ನಾವು ಬಂಡಿ ಮಾಡುತ್ತಿದ್ದೆವು. ಅದರಿಂದಲೇ ಇವನ ಕೊಳವೆ, ಕಂಬಗಳಾಗಬಹುದು. ಹುಳ ಹಿಡಿಯುವುದುಂಟು, ಒಪ್ಪುತ್ತೇನೆ. ಚೆನ್ನಾಗಿ ಒಣಗಿಸಿ ಬಣ್ಣ ಬಳಿಯಬೇಕು. ರಟ್ಟಿಗೂ ಒಂದು ಚಾಳಿಯಿದೆ. ಒಂದೇ ಮಗ್ಗುಲಿಗೆ ಅಂಟು ಬಳಿದರೆ ಬಾಗುತ್ತದೆ, ಚೌಕಗಳ ಅಂಚು ಕೂಡುವುದಿಲ್ಲ. ಏಣುಗಳು ಒಂದಕ್ಕೊಂದು ಅಡ್ಡವಾಗುವಂತೆ ಎರಡು ಪದರ ಅಂಟಿಸಿ, ಭಾರವಿಟ್ಟು ಒಣಗಿಸಿ, ಎರಡೂ ಮಗ್ಗುಲಿಗೆ ಬಣ್ಣ ಕೊಡತಕ್ಕದ್ದು. ದಾರಿಗಳೆಲ್ಲ ಅಂಚಿನ ನಟ್ಟನಡುವೆಯೇ ಮುಟ್ಟಬೇಕು. ಇದನ್ನು ಮರೆತವನನ್ನು ಯಾವ ಸಾಮಗ್ರಿಯೂ ಕಾಯಲಾರದು.

ಗುಡ್ಡಕ್ಕೆಂದು ಅವನು ಎರೆಮಣ್ಣು ಮೆತ್ತಿದನು. ಮರುದಿನ ಬೆಳಗ್ಗೆ ಅದು ಬೇಸಿಗೆಯ ಹೊಲದಂತೆ ಬಿರಿದಿತ್ತು. ಆಷಾಢದ ಮಂಗಳವಾರಗಳಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ ಅಂಟಿಸಿ ಬೆಳೆದವಳು ನನ್ನಕ್ಕ. ನೋಡಿದವಳೇ, “ಬರೇ ಎರಿ ಮಣ್ಣು ಬಿರೀದ ಇರತದೇನೋ? ಅರಳಿ ಕೂಡಿಸಿ ಕುಟ್ಟಬೇಕು” ಎಂದಳು. ಎರೆಮಣ್ಣು ನೀರುಂಡು ಉಬ್ಬಿ, ಒಣಗಿದಾಗ ಕುಗ್ಗುತ್ತದೆಂದು ವರ್ಷವರ್ಷವೂ ಪಾಠ ಹೇಳಿದ ನನಗೆ ಈ ಮಾತು ಹೊಳೆದಿರಲಿಲ್ಲ.

ನಮ್ಮ ಶಾಲೆಗಳ ವಸ್ತುಪ್ರದರ್ಶನದಲ್ಲಿ ಗೋಳಗುಮ್ಮಟವನ್ನು ಅಂಗಡಿಯ ಥರ್ಮೋಕೋಲಿನಲ್ಲಿ ಕಟ್ಟಿದವನಿಗೆ ಬಹುಮಾನ ಕೊಡುವವರು ನಾವೇ. ಅಕ್ಕನಂಥವರ ಕೈಯ ತಿಳಿವಳಿಕೆಗೆ ಅಂಕವಿಲ್ಲ. ಮಂಗಳಗ್ರಹದ ಕುಳಿಗಳನ್ನು ಅರಿಯಲು ವಿಜ್ಞಾನಿಗಳು ದಖ್ಖನಿನ ಕರಿಗಲ್ಲಿನಲ್ಲಿ ಉಂಟಾದ ಲೋಣಾರ ಕುಳಿಗೆ ಬರುತ್ತಾರೆ. ಅದೇ ಕರಿಗಲ್ಲಿನ ಮೇಲೆ ನಿಂತ ನಾವು ಅನ್ಯಗ್ರಹಕ್ಕಾಗಿ ಅಂಗಡಿಗೆ ಓಡುತ್ತೇವೆ. ಮುಗಿಯದೆ ನಿಂತ ಬಾರಾಕಮಾನಿನ ಕಮಾನುಗಳನ್ನು ಸಂಜೆಯಲ್ಲಿ ನೋಡಿದವನಿಗೆ ಹಾಳುನಗರದ ಚಿತ್ರ ಬೇರೆ ಬೇಕೆ?

ಈಗ ಹುಡುಗನ ಹನ್ನೆರಡು ಚೌಕಗಳು ರಟ್ಟಿನವಾಗಿವೆ. ಗುಮ್ಮಟವೊಂದು ಮಾತ್ರ ಇನ್ನೂ ಥರ್ಮೋಕೋಲಿನದು. ರಟ್ಟಿನಲ್ಲಿ ಅದು ಗುಂಡಗೆ ಬರಲೊಲ್ಲದು. ಕುಂಬಾರರ ಮನೆಯಿಂದ ಒಡೆದ ಗಡಿಗೆಯೊಂದನ್ನು ತರಲು ಅಕ್ಕ ಹೇಳಿದ್ದಾಳೆ.